ಮಂದ ಬೆಳಕಿನ ಕಡೆಯಿಂದ ಲೆಕ್ಕ ಹಾಕು

ಒಂದೇ ಲೆನ್ಸಿನ ಫಿಲ್ಮ್ ಕ್ಯಾಮೆರಾ ಬೇಕು, ಲೆನ್ಸ್ ಬದಲಾಯಿಸುವ ರಗಳೆ ಬೇಡ, ಆದರೆ ಎಲ್ಲದಕ್ಕೂ ಒದಗಬೇಕು, ಯಾವುದು ಕೊಳ್ಳಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ಹೆಸರು ಈಗಲೇ ಹೇಳಿಬಿಡುತ್ತೇನೆ. ಒಳ್ಳೆಯ ಸ್ಥಿತಿಯಲ್ಲಿರುವ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ3 ಸಿಕ್ಕರೆ ಕಣ್ಣು ಮುಚ್ಚಿ ತಗೊ. 1972ರಲ್ಲಿ ಬಂದದ್ದು, 40 ಎಂಎಂ ಲೆನ್ಸ್, ಅಪರ್ಚರ್ 1.7. ಆದರೆ ಅದು ಸಿಗದೆ ಹೋಗಬಹುದು, ಸಿಕ್ಕಿದ್ದು ಕೆಟ್ಟಿರಬಹುದು. ಆಗ ಅಂಗಡಿಯವರು ಮುಂದಿಡುವ ಬೇರೆ ಕ್ಯಾಮೆರಾವನ್ನು ನೀನೇ ತೂಗಿ ನೋಡಬೇಕಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಮನೆಯ ಬೀರುವಿನಲ್ಲಿರುವ ಆಗ್ಫಾ ಕ್ಲಿಕ್ 3ಕ್ಕೂ ಇರುವುದು ಒಂದೇ ಲೆನ್ಸ್. ಬಿಸಿಲು, ಮೋಡ ಎಂಬ ಗುರುತುಗಳನ್ನು ಬಿಟ್ಟರೆ ಅದರಲ್ಲಿ ಹೊಂದಿಸುವುದಕ್ಕೆ ಹೆಚ್ಚೇನೂ ಇಲ್ಲ, ಫೋಕಸ್ ಕೂಡ ಇಲ್ಲ. ಆದರೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತೆಗೆದ ನಮ್ಮ ಗುಂಪು ಫೋಟೊಗಳೆಲ್ಲ ಅದರವೇ, ಚೆನ್ನಾಗಿಯೇ ಬಂದಿವೆ. ಆ ಆಲ್ಬಮ್ಮಿನಲ್ಲಿ ಮನೆಯೊಳಗಿನ ಒಂದು ಫೋಟೊವೂ ಇಲ್ಲ, ಗಮನಿಸಿದ್ದೀಯಾ? ನಿನ್ನ ಅಜ್ಜಿ ದಿನ ಕಳೆದದ್ದು ಒಲೆಯ ಮುಂದೆ. ಫೋಟೊದಲ್ಲಿ ಉಳಿದಿರುವುದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅಂಗಳದಲ್ಲಿ ನಿಂತ ಅಜ್ಜಿ ಮಾತ್ರ. ಆ ಕ್ಯಾಮೆರಾಕ್ಕೆ ಒಳಮನೆಯ ಬೆಳಕು ಸಾಲುತ್ತಿರಲಿಲ್ಲ.

ಆದ್ದರಿಂದ ಕ್ಯಾಮೆರಾವನ್ನು ಒಳ್ಳೆಯ ಬೆಳಕಿನಲ್ಲಿ ಅಳೆಯಬೇಡ. ನೀನು ಫೋಟೊ ತೆಗೆಯಬೇಕೆಂದಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಕತ್ತಲಿನದು ಯಾವುದು, ಎಲ್ಲಕ್ಕಿಂತ ಹತ್ತಿರ ಇರುವವರು ಯಾರು, ಅಲ್ಲಿಂದ ಲೆಕ್ಕ ಶುರು ಮಾಡು. ಒಂದೇ ಬಲ್ಬಿನ ಅಡುಗೆಮನೆ ಎಂದಿಟ್ಟುಕೊ. 400ರ ಫಿಲ್ಮ್ ಹಾಕಿ, 1.7ಕ್ಕೆ ಪೂರ್ತಿ ತೆರೆದು, 1/30 ಸೆಕೆಂಡಿನಲ್ಲಿ ಉಸಿರು ಬಿಗಿಹಿಡಿದು ಒತ್ತಿದರೆ ಚಿತ್ರ ಬರುತ್ತದೆ. ಅದೇ ಜಾಗದಲ್ಲಿ 2.8ರ ಲೆನ್ಸಿಗೆ 1/10ರ ಆಸುಪಾಸು ಬೇಕು, 3.5ರದ್ದಕ್ಕೆ 1/8ರಷ್ಟು. ಅಷ್ಟು ಹೊತ್ತು ನಿನ್ನ ಕೈ ನಿಂತರೂ ಒಗ್ಗರಣೆ ಹಾಕುವವರ ಕೈ ನಿಲ್ಲುವುದಿಲ್ಲ. 1.7ಕ್ಕೂ 2.8ಕ್ಕೂ ಬೆಳಕಿನಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚಿನ ಅಂತರವಿದೆ. ಲೆನ್ಸ್ ಬದಲಾಯಿಸಲು ಬಾರದ ಕ್ಯಾಮೆರಾದಲ್ಲಿ ಈ ಅಂತರವನ್ನು ಆಮೇಲೆ ತುಂಬಿಕೊಳ್ಳುವ ದಾರಿಯೇ ಇಲ್ಲ.

ಜಪಾನಿನವರು 1960 ಮತ್ತು 70ರ ದಶಕಗಳಲ್ಲಿ ಇಂಥ ಕ್ಯಾಮೆರಾಗಳನ್ನು ಧಾರಾಳವಾಗಿ ತಯಾರಿಸಿದರು. ಮೊದಲ ಕ್ಯಾನೊನೆಟ್ ಬಂದದ್ದು 1961ರಲ್ಲಿ. ಆಗ ಮನೆಮಂದಿ ಬಳಸುತ್ತಿದ್ದ ಫಿಲ್ಮ್ ಇವತ್ತಿನಷ್ಟು ಚುರುಕಾಗಿರಲಿಲ್ಲ, ಹಾಗಾಗಿ ಬೆಳಕು ಹಿಡಿಯುವ ಭಾರವನ್ನೆಲ್ಲ ಲೆನ್ಸೇ ಹೊರಬೇಕಿತ್ತು. ಇವತ್ತಿನ 400ರ ಫಿಲ್ಮ್ ಜೊತೆ ಅದೇ ಲೆನ್ಸ್ ಸೇರಿದಾಗ, ಅಂದಿನವರು ಫ್ಲಾಷ್ ಇಲ್ಲದೆ ಕೈಹಾಕದ ಜಾಗದಲ್ಲೂ ಫೋಟೊ ಸಿಗುತ್ತದೆ. ಇದು ನಿಮ್ಮ ಕಾಲದವರಿಗೆ ಒದಗಿದ ಭಾಗ್ಯ ಕಣಮ್ಮ, ಬಿಡಬೇಡ.

ಇನ್ನು ಹತ್ತಿರದ ಮಾತು. 35 ಎಂಎಂ ಫಿಲ್ಮಿನ ಚೌಕಟ್ಟಿನ ಕರ್ಣ ಸುಮಾರು 43 ಎಂಎಂ. ಅದಕ್ಕೆ ಹತ್ತಿರವಿರುವ 40, 42, 45ರ ಲೆನ್ಸುಗಳು ಯಾವುದನ್ನೂ ಹಿಗ್ಗಿಸುವುದಿಲ್ಲ, ಎಳೆದು ಮುಂದಕ್ಕೂ ತರುವುದಿಲ್ಲ. 40 ಎಂಎಂನಲ್ಲಿ ಎರಡು ಮೀಟರ್ ದೂರಕ್ಕೆ 1.8 ಮೀಟರ್ ಅಗಲ, 1.2 ಮೀಟರ್ ಎತ್ತರದಷ್ಟು ಜಾಗ ಹಿಡಿಸುತ್ತದೆ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಎದುರು ನಿಂತ ಮನುಷ್ಯ ಅಡಿಯಿಂದ ಮುಡಿಯವರೆಗೆ ಬರುತ್ತಾನೆ. ಅಡ್ಡ ಹಿಡಿದರೆ ಪಕ್ಕಪಕ್ಕ ಕೂತ ಇಬ್ಬರೂ ಅವರ ಮುಂದಿನ ತಟ್ಟೆಲೋಟಗಳೂ ಸಿಗುತ್ತವೆ. ದುಡ್ಡು ಕೊಡುವ ಮೊದಲು ಇದನ್ನು ನಿನ್ನ ಮೊಬೈಲಿನಲ್ಲೇ ಪರೀಕ್ಷಿಸಬಹುದು. ಅದರ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24ರಿಂದ 26 ಎಂಎಂಗೆ ಸಮ. 1.6ಕ್ಕೆ ಜೂಮ್ ಮಾಡಿಟ್ಟು ಒಂದು ವಾರ ಅದನ್ನು ಮುಟ್ಟದೆ ಫೋಟೊ ತೆಗೆ. ಇಕ್ಕಟ್ಟು ಅನ್ನಿಸಿದರೆ 35 ಎಂಎಂ ಲೆನ್ಸ್ ಇರುವ ಕ್ಯಾಮೆರಾ ಹುಡುಕು.

ಮುಖ ಹತ್ತಿರವಿದ್ದು ಅಪರ್ಚರ್ ಪೂರ್ತಿ ತೆರೆದಿದ್ದಾಗ ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ಆದ್ದರಿಂದ ರೇಂಜ್‌ಫೈಂಡರ್ ಇರಲೇಬೇಕು. ವ್ಯೂಫೈಂಡರಿನ ನಡುವೆ ಹಳದಿ ಮಿಶ್ರಿತ ಸಣ್ಣ ಚೌಕ ಕಾಣುತ್ತದೆ. ಅದರೊಳಗೆ ಹುಬ್ಬು ಎರಡೆರಡಾಗಿ ತೋರುತ್ತದೆ. ರಿಂಗು ತಿರುಗಿಸುತ್ತಾ ಹೋದಂತೆ ಎರಡು ಹುಬ್ಬು ಒಂದರ ಮೇಲೊಂದು ಸರಿದು ಕೂಡುತ್ತವೆ. ಕೂಡಿದ ಕ್ಷಣ ಒತ್ತು. ರೋಲೈ 35 ಎಷ್ಟು ಮುದ್ದಾದ ಕ್ಯಾಮೆರಾ ಎಂದು ನನಗೂ ಗೊತ್ತು. 1966ರಲ್ಲಿ ಹೈನ್ಸ್ ವಾಸ್ಕೆ ರೂಪಿಸಿದ ಅದು ಅಂಗೈಯಲ್ಲಿ ಕೂರುತ್ತದೆ. ಆದರೆ ದೂರವನ್ನು ಕಣ್ಣಂದಾಜಿನಲ್ಲಿ ಹೊಂದಿಸಬೇಕು, ಲೆನ್ಸ್ 3.5. ಬೀದಿಯ ಬಿಸಿಲಿಗೆ ಅದು ಸರಿ, ನಿನ್ನ ಅಡುಗೆಮನೆಗೆ ಅಲ್ಲ.

ಮೂರನೆಯದಾಗಿ, ಬ್ಯಾಟರಿ ಸತ್ತರೂ ಕ್ಯಾಮೆರಾ ಬದುಕಿರಬೇಕು. ಈ ಒಂದು ಪ್ರಶ್ನೆಗೆ ಅಂಗಡಿಯ ಅರ್ಧ ಶೆಲ್ಫು ಖಾಲಿಯಾಗುತ್ತದೆ. ಯಾಶಿಕಾ ಎಲೆಕ್ಟ್ರೊ 35ರ 45 ಎಂಎಂ, 1.7 ಲೆನ್ಸ್ ಬಹಳ ಒಳ್ಳೆಯದು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಶಟರ್ ಸ್ಪೀಡ್ ನಿನ್ನ ಕೈಯಲ್ಲಿ ಇರುವುದಿಲ್ಲ, ಬ್ಯಾಟರಿ ಇಲ್ಲದಿದ್ದರೆ 1/500 ಒಂದರಲ್ಲೇ ಓಡುತ್ತದೆ. ಮೈತಾನಿ ಯೋಶಿಹಿಸಾ ರೂಪಿಸಿದ 1979ರ ಒಲಿಂಪಸ್ ಎಕ್ಸ್‌ಎ ಜೇಬಿನಲ್ಲಿ ಹಿಡಿಸುವ ರೇಂಜ್‌ಫೈಂಡರ್, ನನಗೆ ಅದರ ಮೇಲೆ ನಿಜವಾದ ಪ್ರೀತಿ. ಅದಕ್ಕೂ ಬ್ಯಾಟರಿಯೇ ಪ್ರಾಣ. ಒಲಿಂಪಸ್ ಟ್ರಿಪ್ 35ಕ್ಕೆ ಬ್ಯಾಟರಿ ಬೇಡ, ಆದರೆ ಇರುವುದು 1/40, 1/200 ಎರಡೇ ಸ್ಪೀಡು, ಕತ್ತಲಾದರೆ ಕೆಂಪು ಪಟ್ಟಿ ಎದ್ದು ಬಟನ್ನು ಒತ್ತಲು ಬಿಡುವುದಿಲ್ಲ. ಕ್ಯಾನೊನೆಟ್‌ನಲ್ಲಿ 1/4ರಿಂದ 1/500ರವರೆಗೆ ಎಲ್ಲ ಸ್ಪೀಡೂ ಬ್ಯಾಟರಿ ಇಲ್ಲದೆ ನಡೆಯುತ್ತವೆ. ಮಿನೋಲ್ಟಾ ಹೈಮ್ಯಾಟಿಕ್ 7ಎಸ್ 2 ಕೂಡ ಹಾಗೆಯೇ, ಅದೂ 40 ಎಂಎಂ, 1.7. ಸಿಕ್ಕರೆ ಹಿಂಜರಿಯಬೇಡ.

ಕ್ಯಾನೊನೆಟ್‌ನ ಮೀಟರಿಗೆ ಬೇಕಾದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುತ್ತಿಲ್ಲ. ಕಿವಿಯ ಮೆಷಿನ್ನಿಗೆ ಹಾಕುವ 675 ನಂಬರಿನ ಸೆಲ್ 1.4 ವೋಲ್ಟ್ ಕೊಡುತ್ತದೆ, ಸುತ್ತ ಒಂದು ರಬ್ಬರ್ ಬಳೆ ಹಾಕಿ ಕೂರಿಸಿದರೆ ಸಾಕು. 1.5 ವೋಲ್ಟಿನದು ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ. ಇನ್ನೊಂದು ಗೊತ್ತಿರಲಿ: ಅಪರ್ಚರನ್ನು ನೀನೇ ಹೊಂದಿಸಿದಾಗ ಅದರ ಮೀಟರ್ ಸುಮ್ಮನಿರುತ್ತದೆ. ಬೆಳಕು ಓದುವುದನ್ನು ಹೇಗೂ ಕಲಿಯಲೇಬೇಕು. ಬಿರುಬಿಸಿಲಿನಲ್ಲಿ ಅಪರ್ಚರ್ 16ಕ್ಕಿಟ್ಟು, ಫಿಲ್ಮಿನ ಸಂಖ್ಯೆಗೆ ಹತ್ತಿರದ ಸ್ಪೀಡ್ ಹಾಕು, 100ರ ಫಿಲ್ಮಿಗೆ 1/125, 400ರದ್ದಕ್ಕೆ 1/500. ಅಂದರೆ 400ರ ಫಿಲ್ಮ್ ಹಾಕಿಕೊಂಡು ನಡುಹಗಲಲ್ಲಿ ಹೊರಟರೆ ಈ ಕ್ಯಾಮೆರಾ ತನ್ನ ಕೊನೆಯ ಮೆಟ್ಟಿಲಲ್ಲಿ ನಿಂತಿರುತ್ತದೆ, ಹಿನ್ನೆಲೆ ಮಸುಕು ಮಾಡುವ ಆಸೆ ಬಿಡಬೇಕು. ಹೊರಗಿನ ದಿನಗಳಿಗೆ 100 ಅಥವಾ 200, ಮನೆಯೊಳಗಿನ ದಿನಗಳಿಗೆ 400 ಎಂದು ರೀಲು ಬೇರೆ ಮಾಡಿಕೊ.

ಕ್ಯಾನೊನೆಟ್‌ನ ಶಟರ್ ಲೆನ್ಸಿನ ಒಳಗೇ ಇರುವ ತೆಳು ಎಲೆಗಳದು. ಸದ್ದು ಚಿಟಿಕೆಯಷ್ಟೂ ಇಲ್ಲ, ಮಲಗಿದ ಮಗು ಏಳುವುದಿಲ್ಲ. ಎಲ್ಲ ಸ್ಪೀಡಿನಲ್ಲೂ ಫ್ಲಾಷ್ ಜೊತೆಗೂಡುತ್ತದೆ. ಆ ಕಾಲದ ಎಸ್‌ಎಲ್‌ಆರ್‌ಗಳಲ್ಲಿ ಇದು ಸಾಮಾನ್ಯವಾಗಿ 1/60 ಅಥವಾ 1/125ಕ್ಕೆ ನಿಂತುಬಿಡುತ್ತಿತ್ತು. ಜಾತ್ರೆಯ ಮಟಮಟ ಮಧ್ಯಾಹ್ನ ಪೇಟದ ನೆರಳಲ್ಲಿ ಕಪ್ಪಾಗುವ ಮುಖಕ್ಕೆ ಸಣ್ಣ ಫ್ಲಾಷ್ ಹಾಕಿ 1/500ರಲ್ಲಿ ತೆಗೆದು ನೋಡು, ಕಣ್ಣು ಕಾಣುತ್ತವೆ.

ಹಕ್ಕಿ ತೆಗೆಯುವ ಆಸೆ ಇದ್ದರೆ ಇದನ್ನು ಕೊಳ್ಳಬೇಡ. 80 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗದ ಕಾರಣ ಹೂವಿನ ಕೇಸರಕ್ಕೂ ಆಗದು. ಬರೀ ಮುಖಗಳೇ ನಿನ್ನ ಪ್ರೀತಿಯಾದರೆ ಯಾಶಿಕಾ ಮ್ಯಾಟ್ 124ಜಿ ಬಗ್ಗೆಯೂ ಯೋಚಿಸು. 120ರ ರೀಲಿಗೆ 12 ಚೌಕ ಚಿತ್ರ, ತಲೆ ಬಗ್ಗಿಸಿ ಮೇಲಿನಿಂದ ನೋಡುವುದು. ಎದುರಿನವರಿಗೆ ನಿನ್ನ ಮುಖ ಮರೆಯಾಗುವುದಿಲ್ಲ. ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಅವರ ಕೈಯಲ್ಲಿದ್ದ ರೋಲೈಫ್ಲೆಕ್ಸ್ ಇದೇ ಜಾತಿಯದು, ಅದಕ್ಕೂ ಲೆನ್ಸ್ ಬದಲಾಯಿಸಲು ಬರುತ್ತಿರಲಿಲ್ಲ.

ಅಂಗಡಿಯಲ್ಲಿ ಅವಸರ ಮಾಡಬೇಡ. ಹಿಂಬಾಗಿಲು ತೆರೆದು, ಅಪರ್ಚರ್ ಪೂರ್ತಿ ಬಿಚ್ಚಿ, ಶಟರನ್ನು ‘ಬಿ’ಗೆ ಇಟ್ಟು ಒತ್ತಿಹಿಡಿ. ಮುಂದಿನಿಂದ ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಡು. ಗಾಜಿನ ಮೇಲೆ ಕವಲೊಡೆದ ಬಿಳಿ ಎಳೆ ಕಂಡರೆ ಅದು ಫಂಗಸ್, ವಾಪಸ್ ಕೊಡು. 1/4ಕ್ಕಿಟ್ಟು ಹಲವು ಸಲ ಒತ್ತು, ಎಲೆಗಳು ಅಂಟಿಕೊಂಡು ನಿಧಾನ ಮಾಡಿದರೆ ಒಳಗೆ ಎಣ್ಣೆ ಇಳಿದಿದೆ, ರಿಪೇರಿ ಖರ್ಚು ಸೇರಿಸಿ ಲೆಕ್ಕ ಹಾಕು. ದೂರದ ಟವರನ್ನು ನೋಡಿ ರಿಂಗನ್ನು ಕೊನೆಯವರೆಗೆ ತಿರುಗಿಸು, ಎರಡು ಬಿಂಬ ಕೂಡಲೇಬೇಕು. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬಿದೆಯೇ ನೋಡು. ಬಾಗಿಲ ಅಂಚಿನ ಸ್ಪಂಜು ಜಿಗುಟಾಗಿ ಕೈಗೆ ಅಂಟಿದರೆ ಗಾಬರಿ ಬೇಡ, ಹೊಸದು ಹಾಕಲು ಬರುತ್ತದೆ.

ಮನೆಗೆ ತಂದ ಮೇಲೆ ಅದರ ಹಳೆಯ ಚರ್ಮದ ಕೇಸನ್ನು ತೆಗೆದಿಡು. ನಮ್ಮ ಮಳೆಗಾಲದಲ್ಲಿ ಅದು ತೇವ ಹಿಡಿದು ಫಂಗಸ್ಸನ್ನು ತಾನೇ ಸಾಕುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ ಇಡು, ಹರಳು ಗುಲಾಬಿಗೆ ತಿರುಗಿದಾಗ ಬದಲಾಯಿಸು. ಯಾವುದಾದರೂ ಕ್ಯಾಮೆರಾ ಮನಸ್ಸಿಗೆ ಹಿಡಿಸಿದರೆ ಅಂಗಡಿಯಿಂದಲೇ ಫೋನ್ ಮಾಡು, ಮಧ್ಯಾಹ್ನ ಮೂರರ ಮೇಲೆ ಮನೆಯಲ್ಲೇ ಇರುತ್ತೇನೆ.