ಮೆತ್ತಿನ ಮೇಲೆ ಸಿಕ್ಕ ಪೈಪು: ವಯಸ್ಸು ತಿಳಿಯುವುದು ಹೇಗೆ?

ಇಡಗುಂದಿ ಸೀಮೆಯ ಹಳೆಯ ಮನೆಗಳಲ್ಲಿ ಕವಳದ ಬಟ್ಟಲು, ಅಡಕತ್ತರಿ, ಸುಣ್ಣದ ಅಂಡೆ ಸಿಕ್ಕರೆ ಯಾರೂ ಹುಬ್ಬೇರಿಸುವುದಿಲ್ಲ. ತಂಬಾಕಿನ ಪೈಪು ಸಿಕ್ಕರೆ ಮಾತ್ರ ಮನೆಯವರೆಲ್ಲ ಸೇರುತ್ತಾರೆ. ತಂಬಾಕನ್ನು ಕವಳದ ಜೊತೆ ಜಗಿಯುವ ಊರಿಗೆ ಅದು ಹೊರಗಿನಿಂದ ಬಂದ ವಸ್ತು. ಬೆನ್ನಿಗೇ ಒಂದು ಕಥೆಯೂ ಹುಟ್ಟಿಕೊಳ್ಳುತ್ತದೆ: 'ಫಾರೆಸ್ಟ್ ಸಾಹೇಬ ಅಜ್ಜನಿಗೆ ಕೊಟ್ಟದ್ದು, ನೂರೈವತ್ತು ವರ್ಷವಾದರೂ ಆಗಿರಬೇಕು.' ತೇಗದ ಕಾಡಿಗಾಗಿ ಬ್ರಿಟಿಷ್ ಅಧಿಕಾರಿಗಳು ಈ ಘಟ್ಟದಲ್ಲಿ ಓಡಾಡಿದ್ದು ನಿಜ. ಹಾಗಂತ ಕಥೆಯಿಂದ ಶುರುಮಾಡಬೇಡಿ, ಪೈಪಿನಿಂದ ಶುರುಮಾಡಿ.

ಮೊದಲ ನಿಯಮ, ತೊಳೆಯಬೇಡಿ. ಹಿತ್ತಾಳೆ ಪಾತ್ರೆಯ ರೂಢಿಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ, ಓದಬೇಕಾದ ಗುರುತೇ ಅಳಿಸಿಹೋದೀತು. ಒಣಬಟ್ಟೆಯಲ್ಲಿ ಧೂಳು ಒರೆಸಿ. ಒಂದು ಭೂತಗನ್ನಡಿ, ಓರೆಯಾಗಿ ಬೀಳುವ ಬೆಳಕು, ಇಷ್ಟು ಸಾಕು.

ನಂತರ ಮರ ನೋಡಿ. ಹೆಚ್ಚಿನ ಪೈಪುಗಳು ಬ್ರಯರ್ ಮರದವು. ಇದು ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬುಡದ ಗಂಟು, ಸುಲಭಕ್ಕೆ ಸುಡುವುದಿಲ್ಲ. ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನಲ್ಲಿ ಇದರ ಪೈಪು ತಯಾರಿಕೆ ಬೆಳೆದದ್ದು 19ನೇ ಶತಮಾನದ ನಡುಭಾಗದಲ್ಲಿ. ಅಂದಮೇಲೆ ಬ್ರಯರ್ ಪೈಪನ್ನು ತೋರಿಸಿ ಟಿಪ್ಪುವಿನ ಕಾಲದ್ದು ಎನ್ನುವವರ ಜೊತೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ.

ಮೂರನೆಯದು ಬಾಯಿಗೆ ಇಡುವ ನಳಿಗೆ. ಹಳೆಯವು ಕೊಂಬಿನವು, ಅಂಬರಿನವು. ತಂಬಾಕು ತುಂಬುವ ಬಟ್ಟಲಿನಿಂದ ಹೊರಡುವ ಮರದ ಕತ್ತಿಗೆ ನಳಿಗೆಯನ್ನು ಸೇರಿಸುವ ತಿರುಪು ಎಲುಬಿನದ್ದಾಗಿದ್ದರೆ ಅದೂ ಹಳತರ ಲಕ್ಷಣ. ಆಮೇಲೆ ಬಂದದ್ದು ವಲ್ಕನೈಟ್ ಎಂಬ ಗಟ್ಟಿ ರಬ್ಬರು. ಬೆಳಕು ತಾಗಿ ತಾಗಿ ಇದರ ಕಪ್ಪು ಬಣ್ಣ ಹಸಿರುಗಂದಾಗುತ್ತದೆ. ನಮ್ಮ ಮಳೆಗಾಲ ಕಂಡವರು ಅದನ್ನು ಬೂಷ್ಟು ಎಂದುಕೊಂಡಾರು. ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ: ಬೂಷ್ಟಾದರೆ ಒರೆಸಿದರೆ ಹೋಗುತ್ತದೆ, ವಲ್ಕನೈಟ್ ಆದರೆ ಗಂಧಕದ ವಾಸನೆ ಬರುತ್ತದೆ. ಬೇಕಲೈಟ್ ನಳಿಗೆಯಾದರೆ ಅದು 1907ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಆ ವಸ್ತುವೇ ಆಗ ಹುಟ್ಟಿದ್ದು. ಆದರೆ ಕಚ್ಚಿ ಸವೆಯುವುದು ನಳಿಗೆಯೇ ಆದ್ದರಿಂದ ಅದನ್ನು ಬದಲಿಸುವುದು ಸಾಮಾನ್ಯ. ನಳಿಗೆ ಹೊಸದೆಂದು ಇಡೀ ಪೈಪನ್ನು ತಳ್ಳಿಹಾಕಬೇಡಿ. ಕತ್ತು–ನಳಿಗೆ ಸೇರುವಲ್ಲಿ ಉಗುರು ಆಡಿಸಿ. ಮೆಟ್ಟಿಲು ಸಿಕ್ಕಿದರೆ ಜೋಡಿ ಮೂಲದ್ದಲ್ಲ ಎಂಬ ಅನುಮಾನವಿರಲಿ.

ಕತ್ತಿನ ಸುತ್ತ ಬೆಳ್ಳಿಯ ಬಳೆ ಇದ್ದರೆ ನಿಮ್ಮ ಅದೃಷ್ಟ. ಇಂಗ್ಲೆಂಡಿನ ಬೆಳ್ಳಿಯ ಮೇಲೆ ಸಾಲಾಗಿ ಪುಟ್ಟ ಮುದ್ರೆಗಳಿರುತ್ತವೆ. ನಡೆಯುವ ಸಿಂಹವೆಂದರೆ ಸಾವಿರದಲ್ಲಿ 925 ಭಾಗ ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖವಿದ್ದರೆ ಲಂಡನ್. ಪಕ್ಕದಲ್ಲಿರುವ ಒಂಟಿ ಅಕ್ಷರ ವರ್ಷದ ಗುರುತು. ಅಕ್ಷರಮಾಲೆ ಮುಗಿದ ಮೇಲೆ ಮತ್ತೆ ಮೊದಲಿಂದ ಶುರುವಾಗುವ ಕಾರಣ ಅಕ್ಷರವಷ್ಟೇ ಸಾಲದು. ಅದರ ಬರಹದ ಶೈಲಿ, ಸುತ್ತಲಿನ ಚೌಕಟ್ಟಿನ ಆಕಾರ ಎರಡನ್ನೂ ಮುದ್ರೆಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಇಲ್ಲೂ ಒಂದು ಪೇಚಿದೆ. ಕತ್ತು ಸೀಳಿದಾಗ ರಿಪೇರಿಗೆಂದು ಬಳೆ ತೊಡಿಸುತ್ತಿದ್ದರು. ಹಾಗಾಗಿ ಮುದ್ರೆ ಹೇಳುವುದು ಬಳೆಯ ವಯಸ್ಸನ್ನು, ಮರದ್ದನ್ನಲ್ಲ. ಬಳೆಯಡಿಯಿಂದ ಕಂಪನಿಯ ಹೆಸರಿನ ಅರ್ಧ ಅಕ್ಷರ ಇಣುಕುತ್ತಿದ್ದರೆ ಅದು ಆಮೇಲೆ ಸೇರಿಸಿದ ಬಳೆ.

ಕತ್ತಿನ ಮೇಲೆ ಒತ್ತಿದ ಹೆಸರು ಕೊನೆಯ, ಗಟ್ಟಿ ಸಾಕ್ಷಿ. ಡಬ್ಲಿನ್ನಿನ ಪೀಟರ್ಸನ್ ಪೈಪುಗಳಲ್ಲಿ ದೇಶದ ಹೆಸರೇ ಪಂಚಾಂಗವಿದ್ದ ಹಾಗೆ. 'ಐರಿಷ್ ಫ್ರೀ ಸ್ಟೇಟ್' ಎಂಬ ರಾಜ್ಯ ಇದ್ದದ್ದು 1922ರಿಂದ 1937ರವರೆಗೆ. 'ರಿಪಬ್ಲಿಕ್ ಆಫ್ ಐರ್ಲೆಂಡ್' ಎಂದಿದ್ದರೆ 1949ರಿಂದ ಈಚಿನದು. ಆಲ್ಫ್ರೆಡ್ ಡನ್‌ಹಿಲ್ ಲಂಡನ್ನಿನಲ್ಲಿ ತಂಬಾಕಿನ ಅಂಗಡಿ ತೆರೆದದ್ದೇ 1907ರಲ್ಲಿ. ಆ ಕಂಪನಿಯ ಪೈಪಿನ ನಳಿಗೆಯ ಮೇಲೆ ಬಿಳಿ ಚುಕ್ಕೆ, ಕತ್ತಿನ ಮೇಲೆ 'ಇಂಗ್ಲೆಂಡ್' ಪಕ್ಕ ವರ್ಷ ಸೂಚಿಸುವ ಪುಟ್ಟ ಅಂಕಿ ಇರುತ್ತದೆ. ನಕಲಿ ಮಾಡುವವರಿಗೆ ಬಿಳಿ ಚುಕ್ಕೆ ಎಡಗೈ ಕೆಲಸ. ಚುಕ್ಕೆಯಿದ್ದೂ ಕತ್ತಿನ ಮೇಲೆ ಬರಹವಿಲ್ಲದಿದ್ದರೆ ನಂಬಬೇಡಿ.

ನಕಲಿಯನ್ನು ಹಿಡಿಯಲು ನಾನು ನಂಬುವುದು ಸವೆತವನ್ನು. ಅಡಕತ್ತರಿ ಬೆರಳು ಕೂರುವ ಜಾಗದಲ್ಲಿ ಸವೆಯುತ್ತದೆಯಲ್ಲ, ಪೈಪೂ ಹಾಗೆಯೇ: ಹಲ್ಲು ತಾಗುವಲ್ಲಿ, ಬೂದಿ ಕೊಡವಲು ಬಡಿಯುವ ಬಟ್ಟಲಿನ ಅಂಚಿನಲ್ಲಿ. ಮೈಯೆಲ್ಲ ಒಂದೇ ಸಮ ಮಾಸಿದ್ದರೆ ಅದು ಬಣ್ಣದ ಕೆಲಸ. ಮೈ ಸವೆದೂ ಹೆಸರು ಮಾತ್ರ ಚೂಪಾಗಿ ನಿಂತಿದ್ದರೆ, ಅದನ್ನು ಆಮೇಲೆ ಒತ್ತಿದ್ದಾರೆ.

ಮಾರುವವರಿಗೆ, ಅಮೆರಿಕದಲ್ಲಿರುವ ಮಗನಿಗೆ ಕಳಿಸುವವರಿಗೆ ಒಂದು ಮಾತು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು ಪ್ರಾಚೀನ ವಸ್ತು ಎನಿಸಿಕೊಳ್ಳಬಹುದು. ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪ್ರಾಚೀನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆದೇ ಪೊಟ್ಟಣ ಕಟ್ಟಿ.