ಹೊಸ ಗ್ರಾಫಿಕ್ಸ್ ಕಾರ್ಡ್ ಮತ್ತು ಗಣಕಯಂತ್ರದ ಅಸ್ವಾಸ್ಥ್ಯ

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಆದುದರಿಂದ ಕನ್ನಡಿಗರಿಗೆ ಈ ನಗರವು ಎಂದೂ ಪರಸ್ಥಳವೆನಿಸಿಲ್ಲ. 1998ರಲ್ಲಿ ಮಾದಾಪುರದ ಸೈಬರ್ ಟವರ್ಸ್ ಕಟ್ಟಡವು ಉದ್ಘಾಟನೆಗೊಂಡ ಮೇಲೆ ಗಣಕವೃತ್ತಿಯನ್ನರಸಿ ಬಂದವರು ಅನೇಕರು. ಇಂದು ಅವರ ಮನೆಗಳಲ್ಲಿ ಗಣಕಯಂತ್ರವು ಕೇವಲ ಅಲಂಕಾರದ ವಸ್ತುವಲ್ಲ. ಅದು ಅನ್ನದ ದಾರಿ, ಮಕ್ಕಳ ಪಾಠದ ಹಲಗೆ, ಊರಿನಲ್ಲಿರುವ ಹಿರಿಯರ ಭಾವಚಿತ್ರಗಳ ಪೆಟ್ಟಿಗೆ.

ಇಂತಹ ಯಂತ್ರಕ್ಕೆ ಉಳಿತಾಯದ ಹಣದಿಂದ ಹೊಸ ಗ್ರಾಫಿಕ್ಸ್ ಕಾರ್ಡನ್ನು ಹಾಕಿಸಿದ ಮರುದಿನವೇ ಅದು ನಡುನಡುವೆ ನಿಂತುಹೋಗತೊಡಗಿದರೆ ಮನೆಯವರು ಗಾಬರಿಗೊಳ್ಳುವುದು ಸಹಜ. ಕಾರ್ಡೇ ಕೆಟ್ಟದ್ದೆಂದು ಅಂಗಡಿಗೆ ಧಾವಿಸುವುದು, ಇಲ್ಲವೆ ಆಟವಾಡಿ ಕೆಡಿಸಿದನೆಂದು ಮಗನನ್ನು ಗದರಿಸುವುದು, ಎರಡೂ ರೋಗವನ್ನರಿಯದೆ ಔಷಧ ಕೊಟ್ಟಂತೆಯೇ ಸರಿ.

ಮೊದಲ ಕರ್ತವ್ಯ

ಯಂತ್ರವು ಸ್ವಲ್ಪ ಹೊತ್ತಾದರೂ ನಡೆಯುತ್ತಿರುವಾಗಲೇ ಮುಖ್ಯ ಕಡತಗಳನ್ನೂ ಚಿತ್ರಗಳನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಬಿಟ್‌ಲಾಕರ್ ಬೀಗವಿರುವ ಗಣಕವು ಒಳಗಿನ ವ್ಯವಸ್ಥೆ ಬದಲಾದಾಗ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಕೀಲಿಯನ್ನು ಮೊದಲೇ ಬರೆದಿಡುವುದು ಕ್ಷೇಮ. ಕಾರ್ಡಿನ ಬೆಲೆಯನ್ನು ಮತ್ತೆ ಸಂಪಾದಿಸಬಹುದು. ಕಳೆದುಹೋದ ಚಿತ್ರಗಳನ್ನು ಸಂಪಾದಿಸಲಾಗದು.

ಲಕ್ಷಣಗಳು

1. ಭಾರದ ಕೆಲಸ ಆರಂಭಿಸಿದೊಡನೆ ಯಾವ ಸೂಚನೆಯೂ ಇಲ್ಲದೆ ಯಂತ್ರವು ಆರಿಹೋದರೆ ವಿದ್ಯುತ್ತಿನ ಕೊರತೆಯನ್ನು ಶಂಕಿಸಬೇಕು.

2. ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಮೂಡಿದರೆ ಡ್ರೈವರನ್ನು, ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು ಶಂಕಿಸಬೇಕು. ಕಾರ್ಡು ಸುಮಾರು 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಮರಳಿ ಆರಂಭಿಸುತ್ತದೆ.

3. ಹತ್ತಿಪ್ಪತ್ತು ನಿಮಿಷ ಸರಿಯಾಗಿ ನಡೆದು, ಫ್ಯಾನುಗಳ ಸದ್ದು ಏರಿದ ಬಳಿಕ ನಿಂತರೆ ಉಷ್ಣವೇ ಕಾರಣವಾಗಿರಬಹುದು.

4. ನೀಲಿ ಪರದೆಯ ಮೇಲೆ ಪ್ರತಿಸಲವೂ ಬೇರೆ ಬೇರೆ ಸಂಕೇತ ಬಂದರೆ ಸ್ಮೃತಿಫಲಕವನ್ನು (ರ‍್ಯಾಮ್) ಪರೀಕ್ಷಿಸಬೇಕು.

ವಿಂಡೋಸಿನ ಇವೆಂಟ್ ವ್ಯೂವರ್ ಎಂಬ ದಾಖಲೆ ಪುಸ್ತಕದಲ್ಲಿ 41 ಎಂಬ ಸಂಖ್ಯೆ ಕಂಡಾಗ ಹಲವರು ವಿದ್ಯುತ್ತಿನ ಘಟಕವೇ ಕೆಟ್ಟಿತೆಂದು ತೀರ್ಮಾನಿಸುವರು. ಅದು ತಪ್ಪು. ಯಂತ್ರವು ಕ್ರಮವಾಗಿ ಮುಚ್ಚಲ್ಪಡದೆ ನಿಂತಿತೆಂಬುದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ, ಕಾರಣವನ್ನಲ್ಲ.

ವಿದ್ಯುತ್ತಿನ ಜಮಾ-ಖರ್ಚು

ಕಾರ್ಡನ್ನು ಸಿಕ್ಕಿಸುವ ಸ್ಲಾಟಿನಿಂದ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನುಗಳ ತಂತಿಯಿಂದ ಇನ್ನು 75, ಎಂಟು ಪಿನ್ನುಗಳದರಿಂದ 150. 2021ರಲ್ಲಿ ಬಂದ ಆರ್‌ಟಿಎಕ್ಸ್ 3060 ಕಾರ್ಡು ತಾನೊಂದೇ 170 ವ್ಯಾಟ್ ಬಳಸುತ್ತದೆ. ಅದಕ್ಕಾಗಿ ತಯಾರಕರು ಸೂಚಿಸಿದ್ದು 550 ವ್ಯಾಟಿನ ಘಟಕ. ಕ್ಷಣಮಾತ್ರ ಬೇಡಿಕೆ ಏರುವುದುಂಟಾದ್ದರಿಂದ ಈ ಹೆಚ್ಚುವರಿ ಅವಶ್ಯ.

ಹಳೆಯ ಘಟಕದಲ್ಲಿ ಆರು ಪಿನ್ನಿನ ತಂತಿಯಿಲ್ಲವೆಂದು ಡಿಸ್ಕಿನ ಸಾಟಾ ತಂತಿಗೆ ಜೋಡಕವನ್ನು ಹಾಕುವ ರೂಢಿಯಿದೆ. ಸಾಟಾ ತಂತಿಯ 12 ವೋಲ್ಟಿನ ಸಾಮರ್ಥ್ಯ ಕೇವಲ 54 ವ್ಯಾಟ್. ಖಾತೆಯಲ್ಲಿ 54 ರೂಪಾಯಿ ಇಟ್ಟು 75 ರೂಪಾಯಿಗೆ ಚೆಕ್ಕು ಬರೆದರೆ ಚೆಕ್ಕು ಹಿಂತಿರುಗುತ್ತದೆ. ಇಲ್ಲಿಯಾದರೋ ತಂತಿಯೇ ಕರಗಬಹುದು.

ಯುಪಿಎಸ್ಸನ್ನೂ ಮರೆಯಬಾರದು. 600 ವಿಎ ಎಂದು ಬರೆದಿರುವ ಸಣ್ಣ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರಬಲ್ಲದು. ಹಳೆಯ ಗಣಕಕ್ಕೆ ಸಾಕಾಗಿದ್ದ ಅದು ಹೊಸ ಕಾರ್ಡಿನ ಭಾರಕ್ಕೆ ಕೈಚೆಲ್ಲಬಹುದು.

ಪರೀಕ್ಷೆಯ ಕ್ರಮ

ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿ ಮುಖ್ಯ ನಿಯಮ. ಜಮಾ-ಖರ್ಚು ತಾಳೆಯಾಗದಾಗ ಎಲ್ಲ ನಮೂದುಗಳನ್ನೂ ಒಟ್ಟಿಗೆ ತಿದ್ದಿದರೆ ತಪ್ಪು ಎಲ್ಲಿತ್ತೆಂಬುದು ಎಂದಿಗೂ ತಿಳಿಯದು.

ಮೊದಲು ಪ್ಲಗ್ಗನ್ನು ಕಿತ್ತು, ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಕಾರ್ಡೂ ತಂತಿಗಳೂ ಪೂರ್ಣವಾಗಿ ಕುಳಿತಿವೆಯೇ ಎಂದು ನೋಡಬೇಕು. ವಿದ್ಯುತ್ ಘಟಕದ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಅನಂತರ ಹಳೆಯ ಡ್ರೈವರನ್ನು ಸೇಫ್ ಮೋಡಿನಲ್ಲಿ ತೆಗೆದುಹಾಕಿ ತಯಾರಕರದೇ ಡ್ರೈವರನ್ನು ಹಾಕಬೇಕು. ಹಿಂದಿನ ಕಾರ್ಡು ಬೇರೆ ತಯಾರಕರದಾಗಿದ್ದರೆ ಇದು ವಿಶೇಷವಾಗಿ ಅವಶ್ಯ. ಮೂರನೆಯದಾಗಿ, ಕಾರ್ಡಿನ ಉಷ್ಣಮಾನವನ್ನು ಟಾಸ್ಕ್ ಮ್ಯಾನೇಜರಿನಲ್ಲಿ ಗಮನಿಸಬೇಕು. ಹೈದರಾಬಾದಿನ ಮೇ ತಿಂಗಳಲ್ಲಿ ಹೊರಗಿನ ಬಿಸಿಲೇ 40 ಡಿಗ್ರಿ ದಾಟುವುದುಂಟು. ಅಂತಹ ದಿನಗಳಲ್ಲಿ ಗೋಡೆಗೆ ಒತ್ತಿ, ಧೂಳು ತುಂಬಿ ಕುಳಿತ ಪೆಟ್ಟಿಗೆಗೆ ಉಸಿರಾಟವೇ ಕಷ್ಟ.

ಇಷ್ಟಾದರೂ ಗುಣ ಕಾಣದಿದ್ದರೆ ಹಳೆಯ ಕಾರ್ಡನ್ನು ಮರಳಿ ಹಾಕಿ ಎರಡು ದಿನ ನಡೆಸಬೇಕು. ಆಗಲೂ ಯಂತ್ರ ನಿಂತರೆ ಹೊಸ ಕಾರ್ಡು ನಿರ್ದೋಷಿಯಾಗಿರುವ ಸಂಭವವೇ ಹೆಚ್ಚು. ನಿಲ್ಲದಿದ್ದರೆ ಹೊಸ ಕಾರ್ಡನ್ನು ಸಾಕಷ್ಟು ವಿದ್ಯುತ್ತಿರುವ ಬೇರೊಂದು ಗಣಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ತೊಂದರೆ ಬಂದರೆ ದೋಷ ಕಾರ್ಡಿನದೇ. ಬಿಲ್ಲು ಮತ್ತು ವಾರಂಟಿ ಪತ್ರದೊಡನೆ ಹಿಂತಿರುಗಿಸುವುದು ಉಚಿತ.

ಸಿಕಂದರಾಬಾದಿನ ಪಾರ್ಕ್ ಲೇನಿನ ಚೆನಾಯ್ ಟ್ರೇಡ್ ಸೆಂಟರಿಗೆ ಯಂತ್ರವನ್ನು ಒಯ್ಯುವವರು ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕೆಲಸದಲ್ಲಿ, ಯಾವ ಸಂದೇಶದೊಡನೆ ಅದು ನಿಂತಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದೊಯ್ಯಲಿ. ರೋಗಿಯ ಚೀಟಿ ವೈದ್ಯನಿಗೆ ನೆರವಾಗುವಂತೆ ಆ ಹಾಳೆಯು ದುರಸ್ತಿಗಾರನಿಗೆ ನೆರವಾಗುತ್ತದೆ. ಬೇಡದ ಖರ್ಚು ಉಳಿಯುತ್ತದೆ. ಮನೆಯ ಮಗನೂ ಮಾಡದ ತಪ್ಪಿಗಾಗಿ ಬೈಸಿಕೊಳ್ಳುವುದು ತಪ್ಪುತ್ತದೆ.