ಎರಡನೆಯ ಪೀಪಾಯಿ

ಜ್ಞಾನೋಕ್ತಿ 23ನೆಯ ಅಧ್ಯಾಯವನ್ನು ಓದಿದ ಮೇಲೆಯೂ ನಮ್ಮಲ್ಲಿ ಕೆಲವರು, ಎರಡು ಸಾರಿ ಬಟ್ಟಿಯಿಳಿಸಿದ ಸಾರಾಯಿಯಲ್ಲಿ ವಿಷವಿರದೆಂದು ಹೇಳುವದುಂಟು. ಇದನ್ನು ಪರೀಕ್ಷಿಸೋಣ.

ಅಮೇರಿಕಾ ದೇಶದ ಆಪಲೇಚಿಯ ಪರ್ವತಪ್ರಾಂತ್ಯದಲ್ಲಿ ಗುಪ್ತವಾಗಿ ಸಾರಾಯಿ ಕಾಯಿಸುವವರು ಹಂಡೆಗೂ ತಣ್ಣೀರಿನ ಸುರುಳಿಗೂ ನಡುವೆ ಒಂದು ಪೀಪಾಯಿಯನ್ನಿಡುತ್ತಿದ್ದರು. ಹಂಡೆಯ ಹಬೆಯು ಕೊಳವೆಯಿಂದ ಇದರ ತಳಕ್ಕೆ ಬಂದು, ಅಲ್ಲಿಯ ದ್ರವದೊಳಗೆ ಧಬ್‌ಧಬ್ ಎಂದು ಸದ್ದು ಮಾಡುವದರಿಂದ ಥಂಪರ್ ಎಂಬ ಹೆಸರಾಯಿತು. ಹಬೆಯು ದ್ರವವಾಗುವಾಗ ಬಿಡುವ ಶಾಖವೇ ಅದನ್ನು ಪುನಃ ಕುದಿಸುವದು. ಬೇರೆ ಬೆಂಕಿ ಬೇಡ. ಯುಕ್ತಿಯೇನೋ ಮೆಚ್ಚತಕ್ಕದ್ದೇ. ಆದರೆ ಅದು ಅಮಲನ್ನು ಹೆಚ್ಚಿಸುವದೇ ಹೊರತು ವಿಷವನ್ನು ತೆಗೆಯಲಾರದು. ಯಾಕಂದರೆ ವಿಷವಾದ ಮಿಥೈಲ್ ಮದ್ಯಸಾರವು 65 ಡಿಗ್ರಿಯಲ್ಲಿಯೂ ಸಾರಾಯಿಯ ಮದ್ಯಸಾರವು 78 ಡಿಗ್ರಿಯಲ್ಲಿಯೂ ಕುದಿಯುವವಾದ್ದರಿಂದ, ಎರಡೂ ನೀರಿಗಿಂತ ಮುಂಚೆ ಹಬೆಯಾಗಿ ಕೂಡಿಯೇ ಬರುವವು. ಇನ್ನು ಸುರುಳಿಗೆ ಬದಲಾಗಿ ಹಳೇ ಮೋಟಾರಿನ ರೇಡಿಯೇಟರನ್ನು ಕಟ್ಟಿದರೆ, ಅದರ ಬೆಸುಗೆಯ ಸೀಸವು ಥಂಪರನ್ನು ದಾಟಿದ ಮೇಲೆಯೇ ಸೇರುವದು.

ಬೆಂಗಳೂರಿನಲ್ಲಿ 1981ರ ಜುಲೈ ತಿಂಗಳಲ್ಲಿ ಮಿಥೈಲ್ ಬೆರೆತ ಸಾರಾಯಿಯಿಂದ 300ಕ್ಕೂ ಹೆಚ್ಚು ಜನರು ಸತ್ತರು. ರುಚಿಯಿಂದಲೂ ವಾಸನೆಯಿಂದಲೂ ಅದರ ಗುರುತು ಸಿಕ್ಕದು. ಕುಡಿದವನಿಗೆ ಕಣ್ಣು ಮಂಜಾದರೆ ಪೊಲೀಸರ ಭಯದಿಂದ ಮನೆಯಲ್ಲಿ ಬಚ್ಚಿಡದೆ, ಸಿಕ್ಕಿದ ವಾಹನದಲ್ಲಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಬುದ್ಧಿಮಾತು ಆಮೇಲಾಗಲಿ.